ಕರಿ ಎಣ್ಣೆಯ ಬಂಬ

ಟೆಕ್ಸಸ್‌ನಲ್ಲಿ ಚಳಿಯೇ ಇಲ್ಲ ಎಂದು ಎಲ್ಲರೂ ಊರಿಗೆ ಫೋನ್ ಮಾಡಿ ಹೇಳುತ್ತಿದ್ದ ಕಾಲ ಅದು. ಕಾಲಿಂಗ್ ಕಾರ್ಡ್ ಕೆರೆದು, ಅಷ್ಟುದ್ದದ ನಂಬರ್ ಒತ್ತಿ, ಇಲ್ಲಿಯೂ ನಮ್ಮ ಗದಗಿನಂಥದೇ ಬಿಸಿಲು ಎಂದು ಅವ್ವ ಅಜ್ಜಿಗೆ ಕೂಗಿ ಹೇಳುತ್ತಿದ್ದಳು. ಹೇಳುವಾಗ ಮೈಮೇಲೆ ಎರಡು ಸ್ವೆಟರ್ ಇರುತ್ತಿದ್ದವು. ಡಲ್ಲಾಸ್ ಕಡೆ ಬೆಳೆದವರಿಗೆ ಗೊತ್ತು, ಜನವರಿಯಲ್ಲಿ ಉತ್ತರದ ಗಾಳಿ ತಿರುಗಿತೆಂದರೆ ಮಧ್ಯಾಹ್ನ ಟೀ ಶರ್ಟಿನಲ್ಲಿ ಆಡಿದ ನಾವು ಮಕ್ಕಳೆಲ್ಲ ಸಂಜೆಗೆ ಹಲ್ಲು ಕಡಿಯುತ್ತಿದ್ದೆವು.

ಡಲ್ಲಾಸ್ ಪಕ್ಕದ ಯೂಲೆಸ್‌ನಲ್ಲಿ ನಮ್ಮದು ವಿಮಾನಗಳ ದಾರಿಯ ಕೆಳಗಿನ ಹಳೆಯ ಮರದ ಮನೆ. ಗಿಡ್ಡ ಕಂಬಗಳ ಮೇಲೆ ನಿಂತ ಮನೆಯಾದ್ದರಿಂದ ನೆಲದಡಿಯಲ್ಲಿ ಗಾಳಿ ಓಡಾಡುತ್ತಿತ್ತು. ಚಳಿ ಮೊದಲು ಹತ್ತುತ್ತಿದ್ದುದು ಅಂಗಾಲಿಗೆ. ಗ್ಯಾಸ್ ಹೀಟರ್ ನಾವು ಬರುವ ಮೊದಲೇ ಸತ್ತಿತ್ತು. ಹೊಸದು ಹಾಕಿಸುವ ಮಾತು ನಮ್ಮಲ್ಲಿ ಏಳಲೇ ಇಲ್ಲ. ಸುತ್ತಲಿನ ಕನ್ನಡ ಮನೆಗಳಲ್ಲಿ ಡಾಕ್ಟರು, ಇಂಜಿನಿಯರು. ನನ್ನ ಅಪ್ಪ ಎಸೆಸೆಲ್ಸಿಯಲ್ಲಿ ಎರಡು ಸಲ ಫೇಲಾಗಿ, ಗದಗಿನ ಲಾರಿ ಗ್ಯಾರೇಜಿನಲ್ಲಿ ಕೈ ಕರಿ ಮಾಡಿಕೊಂಡು, ನರ್ಸ್ ಆಗಿದ್ದ ನನ್ನ ಅತ್ತೆಯ ಸ್ಪಾನ್ಸರ್ ಮೇಲೆ ಬಂದವನು. ಇಲ್ಲಿ ಆಯಿಲ್ ಚೇಂಜ್ ಅಂಗಡಿಯಲ್ಲಿ ದಿನವಿಡೀ ಕಾರುಗಳ ಹೊಟ್ಟೆಯ ಕೆಳಗೆ ನಿಲ್ಲುವ ಕೆಲಸ.

ನನಗೆ ಹನ್ನೊಂದು ತುಂಬಿದ ವರ್ಷ ಅಪ್ಪ ಬಂಬ ಕಟ್ಟಿದ. ಊರಿನ ಬಚ್ಚಲಮನೆಗಳಲ್ಲಿ ನೀರು ಕಾಯಿಸುವ ತಾಮ್ರದ ಬಂಬ ಗೊತ್ತಲ್ಲ, ನಡುವೆ ಬೆಂಕಿಯ ಕೊಳವೆ, ಸುತ್ತಲೂ ನೀರು. ಅದೇ ಲೆಕ್ಕ. ಯಾರೋ ಬಿಸಾಕಿದ ವಾಟರ್ ಹೀಟರಿನ ತೊಟ್ಟಿ ತಂದು, ಅದರ ಬುಡದಲ್ಲಿ ಕಬ್ಬಿಣದ ಕುಡಿಕೆ ಇಟ್ಟ. ಮೇಲೊಂದು ಡಬ್ಬಿಯಿಂದ, ಕಾರುಗಳಿಂದ ಇಳಿಸಿದ ಹಳೆಯ ಎಣ್ಣೆ ಹನಿಹನಿಯಾಗಿ ಕುಡಿಕೆಗೆ ಬಿದ್ದು ಉರಿಯಬೇಕು. ಅಂಗಡಿಯ ಮಾಲೀಕ ಒಯ್ಯಿ ಎಂದು ಬಕೆಟ್‌ಗಟ್ಟಲೆ ಕೊಟ್ಟಿದ್ದ. ಹಿತ್ತಲು ಇಳಿಜಾರಾಗಿತ್ತು, ಬಂಬದ ತಗಡಿನ ಶೆಡ್ಡು ಮನೆಗಿಂತ ಕೆಳಗೆ ಬಂತು. ಅಲ್ಲಿಂದ ಪೈಪು ಹತ್ತಿಸಿ, ಕೆಡವಿದ ಶಾಲೆಯೊಂದರಿಂದ ತಂದ, ಬಿಸಿನೀರು ಹರಿದು ಕೋಣೆ ಬೆಚ್ಚಗಾಗಿಸುವ ಬೀಡುಕಬ್ಬಿಣದ ರೇಡಿಯೇಟರುಗಳನ್ನು ಎರಡು ಕೋಣೆಗಳಲ್ಲಿ ನಿಲ್ಲಿಸಿದ. ಪಂಪಿಲ್ಲ, ವೈರಿಲ್ಲ. ನೀರು ಹೇಗೆ ತಿರುಗುತ್ತದೆ ಎಂದು ನಾನು ಕೇಳಿದೆ.

“ಬಿಸಿನೀರು ತಾನ ಮ್ಯಾಲೆ ಹೊಕ್ಕೈತಿ, ತಣ್ಣೀರು ತಾನ ಕೆಳಗ ಬರ್ತೈತಿ. ಅದಕ್ಕ ಯಾರೂ ಕಲಿಸೂದು ಬ್ಯಾಡವ್ವಾ,” ಎಂದ ಅಪ್ಪ.

ಇದನ್ನೇ ಎಂಟು ವರ್ಷಗಳ ನಂತರ ಆಸ್ಟಿನ್‌ನ ಕ್ಲಾಸಿನಲ್ಲಿ ಪ್ರೊಫೆಸರ್ ಮೂರು ಬೋರ್ಡು ತುಂಬಿಸಿ ಹೇಳಿದರು. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು, ಮೆಕ್ಯಾನಿಕಲ್ ಇಂಜಿನಿಯರಿಂಗ್. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಆ ಪಾಠ ನನಗೆ ಮೊದಲು ಹೇಳಿದ್ದು ಯಾರು ಎಂಬುದನ್ನು ನಾನು ಮರೆತಿಲ್ಲ.

ಎಣ್ಣೆ ಸೋಸುವುದು ನನ್ನ ಪಾಲಿನ ಕೆಲಸ. ಅವ್ವನ ಹಳೆಯ ಇಳಕಲ್ ಸೀರೆಯ ತುಂಡು ಡ್ರಮ್ಮಿನ ಬಾಯಿಗೆ ಕಟ್ಟಿ ಸುರಿಯುತ್ತಿದ್ದೆವು. ನಾಲ್ಕು ದಿನ ಬಿಟ್ಟರೆ ಎಣ್ಣೆಯೊಳಗಿನ ನೀರು ತಳಕ್ಕೆ ಇಳಿಯುತ್ತಿತ್ತು. ಕೆಳಗಿನ ನಲ್ಲಿ ತಿರುಗಿಸಿ ನೀರನ್ನಷ್ಟೇ ಬಿಟ್ಟು, ಬಣ್ಣ ಕರ್ರಗಾಗುವ ಗಳಿಗೆಗೆ ಸರಿಯಾಗಿ ಮುಚ್ಚಬೇಕು. ನೀರು ಉಳಿದರೆ ಕುಡಿಕೆಯಲ್ಲಿ ಸಾಸಿವೆ ಸಿಡಿದಂತೆ ಸಿಡಿಯುತ್ತಿತ್ತು. ಇನ್ನು ಹನಿಯ ಲೆಕ್ಕ. ಅಪ್ಪನ ಬಳಿ ಗಡಿಯಾರವಿರಲಿಲ್ಲ. ನಾನು ಎರಡರ ಮಗ್ಗಿ ಹೇಳಬೇಕು, ಅಪ್ಪ ಹನಿ ಎಣಿಸಬೇಕು. ಎರಡೊಂದ್ಲ ಎರಡರಿಂದ ಎರಡತ್ಲ ಇಪ್ಪತ್ತು ಮುಗಿಯುವುದರೊಳಗೆ ನಲವತ್ತು ಹನಿ ಬಿದ್ದರೆ ಸರಿ. ಹೆಚ್ಚಾದರೆ ಕರಿ ಹೊಗೆ, ಕಡಿಮೆಯಾದರೆ ಉರಿ ಆರುತ್ತದೆ. ಇಂಗ್ಲಿಷಿನಲ್ಲಿ ಉತ್ತರ ಕೊಡುವ ಚಟದ ನಾನು ಕನ್ನಡದ ಮಗ್ಗಿ ಕಲಿತದ್ದು ಆ ಶೆಡ್ಡಿನಲ್ಲಿ.

ದೀಪಾವಳಿಯ ಮುಂಚಿನ ದಿನ ನೀರು ತುಂಬುವ ಹಬ್ಬ ಬಂತು. ಬಂಬಕ್ಕೆ ಪೂಜೆಯಾಗದೆ ಬೆಂಕಿ ತೋರಿಸಬಾರದೆಂದು ಅವ್ವ ಹಟ ಹಿಡಿದಳು. ಸೋಪು ಹಾಕಿ ತೊಳೆದು, ಸುಣ್ಣದ ಪಟ್ಟೆ ಎಳೆದು, ಕುಂಕುಮ ಹಚ್ಚಿದಳು. ಕೊರಳಿಗೆ ಕಟ್ಟಲು ಹಿಂಡಲಕಾಯಿಯ ಬಳ್ಳಿ ಯೂಲೆಸ್‌ನಲ್ಲಿ ಎಲ್ಲಿಂದ ತರುವುದು? ಹಿತ್ತಲಿನ ಒಣಗುತ್ತಿದ್ದ ಸೌತೆಬಳ್ಳಿ ಕಟ್ಟಿದಳು. ಮೊದಲ ನೀರು ಕಾದಾಗ ಮನೆಯೆಲ್ಲ ಎಣ್ಣೆಯ, ಬಿಸಿ ಕಬ್ಬಿಣದ, ಸೀಗೇಕಾಯಿಯ ವಾಸನೆ. ರೇಡಿಯೇಟರಿಗೆ ಬೆನ್ನು ಕೊಟ್ಟು ಚೌಕಾಬಾರ ಆಡುವಾಗ ನನಗೆ ಅನ್ನಿಸಿತ್ತು, ಈ ಊರಿನಲ್ಲಿ ನಮ್ಮಷ್ಟು ದೊಡ್ಡ ಮನೆ ಯಾರದೂ ಇಲ್ಲ ಎಂದು.

ಫೆಬ್ರವರಿಯಲ್ಲಿ ಐಸ್ ಮಳೆ ಸುರಿಯಿತು. ಮರಗಳ ಕೊಂಬೆ ಗಾಜಿನಂತೆ ಮುರಿದು ತಂತಿಗಳ ಮೇಲೆ ಬಿದ್ದು, ಇಡೀ ಬಡಾವಣೆಯಲ್ಲಿ ಮೂರು ದಿನ ಕರೆಂಟಿಲ್ಲ. ಎಲ್ಲರ ಹೀಟರುಗಳೂ ನಿಂತವು. ನಮ್ಮ ಬಂಬಕ್ಕೆ ಕರೆಂಟಿನ ಹಂಗಿರಲಿಲ್ಲ. ಎರಡು ಬೀದಿ ಆಚೆ ಮೈಸೂರಿನ ಮುರಳಿ ಅಂಕಲ್ ಇದ್ದರು, ಎಣ್ಣೆ ಕಂಪನಿಯೊಂದರಲ್ಲಿ ಇಂಜಿನಿಯರು. ಅವರ ಕಾರಿನ ಆಯಿಲನ್ನು ಅಪ್ಪ ಶನಿವಾರಗಳಂದು ನಮ್ಮ ಅಂಗಳದಲ್ಲೇ ಬದಲಿಸಿ ಕೊಡುತ್ತಿದ್ದ. ಅಪ್ಪನೇ ಐಸಿನ ಮೇಲೆ ನಡೆದುಹೋಗಿ ಅವರನ್ನೂ ಸುಮಾ ಆಂಟಿಯನ್ನೂ ಅವರ ಇಬ್ಬರು ಮಕ್ಕಳನ್ನೂ ಕರೆತಂದ.

ಮೂರು ದಿನ ಅವರು ನಮ್ಮ ಹಾಲಿನಲ್ಲಿ ಹಾಸಿಗೆ ಹಾಸಿದರು. ಅವ್ವ ಬಂಬದ ತಲೆಯ ಮೇಲೆ ಹಂಚಿಟ್ಟು ರೊಟ್ಟಿ ಸುಟ್ಟಳು, ಶೇಂಗಾ ಚಟ್ನಿ, ಝುಣಕ. ಎಣ್ಣೆಯ ವಾಸನೆ ರೊಟ್ಟಿಗೆ ಸ್ವಲ್ಪವೂ ಹತ್ತಿಲ್ಲ ಎಂದು ಸುಮಾ ಆಂಟಿ ಆಶ್ಚರ್ಯಪಟ್ಟು ನಾಲ್ಕನೆಯದು ಹಾಕಿಸಿಕೊಂಡರು. ಮುರಳಿ ಅಂಕಲ್ ಶೆಡ್ಡು ಬಿಟ್ಟು ಕದಲಲಿಲ್ಲ. ಪೈಪು ಎಷ್ಟು ಇಂಚು, ಡಬ್ಬಿ ಎಷ್ಟು ಎತ್ತರ, ಗಾಳಿ ಎಲ್ಲಿಂದ, ಒಂದೊಂದೂ ಕೇಳಿದರು. ನಾನು ಮಗ್ಗಿ ಹೇಳುವಾಗ ಕೈಗಡಿಯಾರ ನೋಡುತ್ತಿದ್ದರು.

“ನಲವತ್ತು ಹನಿ, ಇಪ್ಪತ್ತು ಸೆಕೆಂಡ್,” ಎಂದರು. “ಬಹಳ ಇಂಟರೆಸ್ಟಿಂಗ್ ರೀ. ಇದನ್ನ ನೀವು ಎಲ್ಲಿ ನೋಡಿ ಮಾಡಿದ್ರಿ?”

“ಎಲ್ಲೂ ನೋಡಿಲ್ರಿ ಸರ. ನಮ್ಮ ತಲ್ಯಾಗ ಬಂತು, ಮಾಡಿದ್ವಿ.”

ಅಪ್ಪನ ಮುಖ ಹಾಗೆ ಬೆಳಗಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಈ ದೇಶಕ್ಕೆ ಬಂದ ಮೇಲೆ ಅವನ ಕೈಯ ಕೆಲಸದ ಬಗ್ಗೆ ಓದಿದವರೊಬ್ಬರು ಪ್ರಶ್ನೆ ಕೇಳಿದ್ದು ಅದೇ ಮೊದಲು. ಕರೆಂಟು ಬಂದು ಅವರು ಹೋದ ಮೇಲೂ ವಾರಗಟ್ಟಲೆ ಅದೇ ಮಾತು. ಇಂಜಿನಿಯರ್ ಸಾಹೇಬ್ರು ಹಿಂಗ ಕೇಳಿದ್ರು, ಹಂಗ ಕೇಳಿದ್ರು.

ಮಾರ್ಚಿನ ಮೊದಲ ವಾರ ನಗರದ ಕಚೇರಿಯ ಇನ್ಸ್‌ಪೆಕ್ಟರ್ ಬಾಗಿಲು ಬಡಿದ. ಕೆಟ್ಟ ಮನುಷ್ಯನಲ್ಲ, ಟೋಪಿ ತೆಗೆದು ಮಾತಾಡಿದ. ಅಪ್ಪನ ಇಂಗ್ಲಿಷು ಕಾರಿನ ಭಾಗಗಳಾಚೆ ಹೋಗುತ್ತಿರಲಿಲ್ಲ, ಹಾಗಾಗಿ ನಾನೇ ನಡುವೆ ನಿಂತು ಹೇಳಬೇಕಾಯಿತು. ಪರ್ಮಿಟ್ ಇಲ್ಲ, ಹೊಗೆಯ ದೂರು ಬಂದಿದೆ, ಹತ್ತು ದಿನದಲ್ಲಿ ತೆಗೆಯಬೇಕು. ನನ್ನ ಬಾಯಿಂದಲೇ ಅಪ್ಪನಿಗೆ ಇದನ್ನು ಹೇಳಿಸಿದ ಆ ದಿನದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇನ್ಸ್‌ಪೆಕ್ಟರ್ ದೂರಿನ ಪ್ರತಿ ಕೊಟ್ಟ. ಹೆಸರಿನ ಮೇಲೆ ಕಪ್ಪು ಪಟ್ಟೆ ಬಳಿದಿತ್ತು. ಜೊತೆಗೆ ಒಂದು ಚಿತ್ರ.

ಮನೆ, ಇಳಿಜಾರು, ಶೆಡ್ಡು, ಬಂಬ, ಪೈಪುಗಳಿಗೆ ಬಾಣದ ಗುರುತು, ಮೂಲೆಯಲ್ಲಿ ಉತ್ತರ ದಿಕ್ಕು. ಸ್ಕೇಲ್ ಇಟ್ಟು ಎಳೆದ ಗೆರೆಗಳು. ಡಬ್ಬಿಯ ಪಕ್ಕದಲ್ಲಿ ಬರೆದಿದ್ದನ್ನು ನಾನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದೆ. ನಲವತ್ತು ಹನಿ, ಇಪ್ಪತ್ತು ಸೆಕೆಂಡ್.

ನೆರೆಯವರು ದೂರು ಕೊಟ್ಟರೆ ಹೊಗೆ ಬರ್ತಿದೆ ಎಂದು ಬರೆಯುತ್ತಾರೆ. ಹನಿ ಎಣಿಸಿ ಬರೆಯುವುದಿಲ್ಲ. ಕಳ್ಳಕೆಲಸದಲ್ಲೂ ಲೆಕ್ಕ ತಪ್ಪಬಾರದೆಂಬ ಶಿಸ್ತು ಇಂಜಿನಿಯರಿಗಲ್ಲದೆ ಇನ್ಯಾರಿಗೆ ಇರಲು ಸಾಧ್ಯ?

ಅಪ್ಪ ಹಾಳೆ ಇಸಿದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ, “ಚಿತ್ರ ಚಲೋ ತಗದಾನ.”

ಅವ್ವ ಮಾತ್ರ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದಳು. “ಮೂರು ದಿನ ನಮ್ಮ ಬೆಂಕಿ ಕಾಸ್ಕೊಂಡ್ರಲ್ಲ, ಅವಾಗ ಇದರಾಗ ಹೊಗಿ ಇರ್ಲಿಲ್ಲೇನು? ಕೇಳೇ ಬರ್ತೀನಿ.”

ಅಪ್ಪ ಬಾಗಿಲಿಗೆ ಅಡ್ಡ ನಿಂತ. ಬೇಡ, ಅವರು ಓದಿದವರು, ಏನೋ ತಿಳಿದೇ ಮಾಡಿರುತ್ತಾರೆ ಎಂದ. ಅಪ್ಪನ ಆ ಮಾತೇ ನನ್ನನ್ನು ಹೆಚ್ಚು ಸುಟ್ಟಿತು.

ಅವರು ತಿಳಿದದ್ದು ಏನೆಂದು ಎರಡು ವಾರದಲ್ಲಿ ಗೊತ್ತಾಯಿತು. ಅಂಕಲ್ ಮನೆಯ ಮುಂದೆ ಮಾರಾಟದ ಬೋರ್ಡು ನಿಂತಿತು. ಕಂಪನಿ ಅವರನ್ನು ಹ್ಯೂಸ್ಟನ್‌ಗೆ ಶಿಫ್ಟ್ ಮಾಡಿತ್ತು. ಮನೆ ನೋಡಲು ಬರುವವರ ಮೂಗಿಗೆ ನಮ್ಮ ಹೊಗೆ ಬಡಿಯಬಾರದು. “ಒಂದ ಮಾತು ಹೇಳಿದ್ರ ಆ ದಿನ ಆರಿಸ್ತಿದ್ನಲ್ಲ,” ಎಂದ ಅಪ್ಪ, ಬೋರ್ಡು ನೋಡಿ ಬಂದು. ಅಷ್ಟೇ. ಮತ್ತೆ ಆ ವಿಷಯ ಎತ್ತಲಿಲ್ಲ.

ಹೊಗೆ ಒಳ್ಳೆಯದಿತ್ತು ಎಂದು ನಾನು ವಾದಿಸುವುದಿಲ್ಲ. ಹಳೆಯ ಇಂಜಿನ್ ಆಯಿಲಿನಲ್ಲಿ ಲೋಹದ ಪುಡಿ ಇರುತ್ತದೆ, ಸೀಸ ಇರಬಹುದು, ಅದನ್ನು ಮನೆಯ ಪಕ್ಕ ಉರಿಸುವುದು ಉಸಿರಿಗೆ ಕೆಟ್ಟದ್ದು. ಕಾನೂನು ಸರಿಯಾಗಿಯೇ ಇತ್ತು. ಇದನ್ನೆಲ್ಲ ನಾನು ಓದಿದ್ದೇನೆ. ಆದರೆ ಇದನ್ನು ಓದಿಕೊಂಡಿದ್ದ ಮನುಷ್ಯ ಮೂರು ದಿನ ಅದೇ ಶೆಡ್ಡಿನಲ್ಲಿ ನಿಂತಿದ್ದ. ಇದು ನಿಮ್ಮ ಮಗಳ ಎದೆಗೆ ಒಳ್ಳೆಯದಲ್ಲ ರೀ ಎಂದು ಒಂದು ಮಾತು ಹೇಳಿದ್ದರೆ, ಅಪ್ಪ ಅವತ್ತೇ ಕೈಮುಗಿದು ಕೆಡವುತ್ತಿದ್ದ. ತಿಳಿದವರು ತಿಳಿಯದವರಿಗೆ ಹೇಳಬೇಕಾದ್ದು ಅದಲ್ಲವೇ? ಅವರು ಅದನ್ನು ಹೇಳಲಿಲ್ಲ. ಅಳತೆ ತೆಗೆದುಕೊಂಡರು.

ಹತ್ತು ದಿನದ ಗಡುವು ಮುಗಿಯುವ ಮೊದಲೇ, ಒಂದು ಭಾನುವಾರ ಅಪ್ಪ ಪಾನಾ ಹಿಡಿದು ತಾನೇ ಎಲ್ಲವನ್ನೂ ಬಿಚ್ಚಿದ. ನಾನು ನಟ್ಟುಗಳನ್ನು ಡಬ್ಬಿಗೆ ಹಾಕುತ್ತಿದ್ದೆ. ಮಗ್ಗಿಯಿಲ್ಲ, ಮಾತಿಲ್ಲ. ಮುಂದಿನ ಚಳಿಗಾಲಕ್ಕೆ ಕೆಂಪು ತಂತಿಯ ಎರಡು ಎಲೆಕ್ಟ್ರಿಕ್ ಹೀಟರ್ ಬಂದವು. ಎರಡನ್ನೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತಿತ್ತು, ಹಾಗಾಗಿ ಎಲ್ಲರೂ ಒಂದೇ ಕೋಣೆ. ಬಂಬಕ್ಕೂ ಮೊದಲು ಅಪ್ಪ ಕಾರಿನ ಜಾಕಿನಿಂದ ಶಾವಿಗೆ ಒತ್ತುವ ಮಣೆ ಮಾಡಿದ್ದ, ಸೈಕಲ್ ಚಕ್ರದಿಂದ ಅವ್ವನಿಗೆ ಬಟ್ಟೆ ಒಣಹಾಕುವ ಛತ್ರಿ ಮಾಡಿದ್ದ. ಬಂಬ ಬಿಚ್ಚಿದ ಮೇಲೆ ಏನೂ ಮಾಡಲಿಲ್ಲ. ನಲ್ಲಿ ಸೋರಿದರೂ, ಯಾರನ್ನಾದರೂ ಕರೆಸೋಣ, ಪರ್ಮಿಟ್ ಏನಾದರೂ ಬೇಕೇನೋ ಎನ್ನುತ್ತಿದ್ದ. ನನಗೆ ಮಾತ್ರ ಓದು, ಓದು, ಓದು. ಓದಿದೆ. ಹಗಲು ಕ್ಲಾಸು, ಸಂಜೆ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವ ಕೆಲಸ, ಐದು ವರ್ಷ.

ಡಿಗ್ರಿ ಬಂದ ಮೇಲೆ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನ ಒಂದು ಗೃಹಪ್ರವೇಶದಲ್ಲಿ ಮುರಳಿ ಅಂಕಲ್ ಸಿಕ್ಕರು. ನಾಲ್ಕು ಜನರ ಮುಂದೆ ನನ್ನ ಹೆಗಲು ತಟ್ಟಿ, “ನಮ್ ಯೂಲೆಸ್ ಹುಡ್ಗಿ. ಇವ್ರಪ್ಪಂಗೂ ಒಳ್ಳೆ ಇಂಜಿನಿಯರಿಂಗ್ ಬ್ರೈನ್ ಇತ್ತು, ಪಾಪ, ಓದಿರ್ಲಿಲ್ಲ ಅಷ್ಟೆ,” ಎಂದರು.

“ನಲವತ್ತು ಹನಿ, ಇಪ್ಪತ್ತು ಸೆಕೆಂಡ್,” ಎಂದೆ ನಾನು. “ಡ್ರಾಯಿಂಗ್ ತುಂಬಾ ಚೆನ್ನಾಗಿತ್ತು ಅಂಕಲ್. ಅಪ್ಪ ಅವತ್ತೇ ಹೊಗಳಿದ್ರು.”

ಅವರು ತಟ್ಟೆ ನೋಡಿಕೊಂಡರು. ಆಮೇಲೆ ಮೊಸರನ್ನ ಹಾಕಿಸಿಕೊಳ್ಳಲು ಎದ್ದು ಹೋದರು.

ಈಗ ನನ್ನ ಮನೆಯೂ ಹ್ಯೂಸ್ಟನ್ ಕಡೆಯೇ, ಕೇಟಿ ಎಂಬ ಊರಿನಲ್ಲಿ. ಗೋಡೆಯ ಮೇಲಿನ ಥರ್ಮೋಸ್ಟಾಟಿಗೆ ಬೆರಳು ತಾಗಿಸಿದರೆ ಸಾಕು. ಕೆಲವು ವರ್ಷಗಳ ಹಿಂದೆ ಇಡೀ ಟೆಕ್ಸಸ್ ಹೆಪ್ಪುಗಟ್ಟಿ ಕರೆಂಟು ಹೋದ ವಾರ ಅಪ್ಪ ಅವ್ವ ನಮ್ಮಲ್ಲೇ ಇದ್ದರು. ಎರಡನೆಯ ದಿನ ಮಧ್ಯಾಹ್ನ ಮಕ್ಕಳು ಜಾಕೆಟ್ಟಿನೊಳಗೆ ಮುದುಡಿ, ಅಜ್ಜನ ಎರಡು ಬದಿಗೂ ಅಂಟಿ, ಇಂಗ್ಲಿಷಿನಲ್ಲಿ ಗೊಣಗುತ್ತಿದ್ದರು. ನಮ್ಮ ಬೀದಿಯಲ್ಲಿ ಹತ್ತು ಮಂದಿ ಇಂಜಿನಿಯರುಗಳಿದ್ದೇವೆ. ಹತ್ತೂ ಮನೆ ತಣ್ಣಗಿದ್ದವು, ಒಬ್ಬರ ಬಾಗಿಲನ್ನು ಒಬ್ಬರು ತಟ್ಟಲಿಲ್ಲ. ಶಾಖದ ಲೆಕ್ಕ ನನಗೆ ಬರುತ್ತದೆ. ಕೈಕೆಲಸ ಬರುವುದಿಲ್ಲ.

ಗ್ಯಾರೇಜಿನಲ್ಲಿ ಬದಲಿಸಿದ ಹಳೆಯ ವಾಟರ್ ಹೀಟರ್ ಬಿದ್ದಿತ್ತು. ಪೆನ್ಸಿಲು, ಹಾಳೆ ತೆಗೆದುಕೊಂಡು ಅಪ್ಪನ ಮುಂದೆ ಕೂತೆ. ಹಿತ್ತಲಲ್ಲಿ, ಮನೆಯಿಂದ ದೂರದಲ್ಲಿ, ಒಂದೆರಡು ದಿನಕ್ಕೆ ಕಟ್ಟಬಹುದೇನೋ, ಕುಡಿಕೆಗೂ ಡಬ್ಬಿಗೂ ನಡುವೆ ನೀನು ಎಷ್ಟು ಎತ್ತರ ಬಿಟ್ಟಿದ್ದೆ ಎಂದು ಕೇಳಿದೆ. ಅಪ್ಪ ನನ್ನ ಕೈಯ ಹಾಳೆಯನ್ನು ನೋಡಿದ. ಹೊದ್ದಿದ್ದ ಶಾಲಿನೊಳಗೆ ಎರಡೂ ಕೈ ಎಳೆದುಕೊಂಡ.

“ಅದೆಲ್ಲಾ ನನಗೇನು ಗೊತ್ತವ್ವಾ,” ಎಂದ. “ಯಾರರ ಓದಿದವರನ್ನ ಕೇಳು.”

ಆ ಮನೆಯಲ್ಲಿ ಓದಿದವಳೆಂದರೆ ನಾನು.