ಹಾದಿಯಲ್ಲಿ ಮೀಸೆ ಕಳೆದುಕೊಂಡ ಟಾಂಗಾದವ

ದೆವ್ವದ ಸಿನಿಮಾ ನೋಡುತ್ತ ಥೇಟರಿಗೆ ಥೇಟರೇ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನಾನು ಕಂಡಿದ್ದೇನೆ. ನಗದೆ ಕೂತವಳು ನಾನೊಬ್ಬಳೇ. ಕೂತಿದ್ದೆ ಅನ್ನುವುದೂ ಸುಳ್ಳು. ಏಳುವುದು, ಕೂಡುವುದು, ಮತ್ತೆ ಏಳುವುದು. ಹಿಂದಿನವರು ಬೈದು ಬೈದು ಸಾಕಾದರು.

ಅರವತ್ತರ ದಶಕದ ಮೊದಲ ವರ್ಷಗಳು. ಮುಂಬೈ ಕಡೆಯ ಯಾವುದೋ ಕಂಪನಿ ವಿಜಾಪುರಕ್ಕೆ ಬಂದು ಆ ಸಿನಿಮಾದ ಒಂದಿಷ್ಟು ಭಾಗ ತೆಗೆದಿತ್ತು. ಹಾಳುಬಿದ್ದ ಅರಮನೆ, ಅದರಲ್ಲೊಂದು ರಾಣಿಯ ದೆವ್ವ, ಅಲ್ಲಿಗೆ ಟಾಂಗಾದಲ್ಲಿ ಬಂದಿಳಿಯುವ ಒಬ್ಬ ಹುಡುಗಿ, ಇಷ್ಟೇ ಕತೆ. ನನ್ನ ಅಪ್ಪ ಗೋಳಗುಮ್ಮಟದ ಮುಂದೆ ಟಾಂಗಾ ಹೊಡೆಯುತ್ತಿದ್ದ. ಅವನ ದೊಡ್ಡ ಮೀಸೆ ನೋಡಿ ಕಂಪನಿಯವರು ಅವನನ್ನೇ ಕರೆದರು. ಮೊದಲ ದಿನ ಟಾಂಗಾ ಎದುರಿನಿಂದ ಓಡಿ ಬರುವುದನ್ನು ತೆಗೆದರು. ಅರಮನೆಯ ಮುಂದೆ ನಿಲ್ಲುವುದನ್ನು ಮರುದಿನ ತೆಗೆಯುವುದಿತ್ತು. ಅಷ್ಟರಲ್ಲಿ ಅಪ್ಪ ಜ್ವರ ಬಂದು ಮಲಗಿದ. ಅವರು ಮನೆಗೆ ಬಂದು ಅಪ್ಪನ ಕೋಟು, ತಲೆಯ ರುಮಾಲು ಕೇಳಿ ಒಯ್ದು ಟಾಂಗಾ ಸ್ಟ್ಯಾಂಡಿನ ಇನ್ನೊಬ್ಬನಿಗೆ ತೊಡಿಸಿದರು. ಕೋಟು ಕೊಡಬಹುದು, ಮೀಸೆ ಎಲ್ಲಿಂದ ಕೊಡೋಣ? ಆ ಜ್ವರ ಇಳಿಯಲೇ ಇಲ್ಲ. ಅಪ್ಪ ತೀರಿಕೊಂಡ.

ಮನೆಯಲ್ಲಿ ಅಪ್ಪನದೊಂದು ಫೋಟೊ ಇರಲಿಲ್ಲ. ಫೋಟೊ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಅವ್ವನೇ ಬಿಟ್ಟಿರಲಿಲ್ಲ. ಅವ್ವ ತಿಕೋಟಾದಲ್ಲಿದ್ದ ತನ್ನ ತಮ್ಮನ, ಅಂದರೆ ನನ್ನ ಸೋದರಮಾವನ ಮನೆ ಸೇರಿದಳು. ನಾನು ಮದುವೆಯಾಗಿ ವಿಜಾಪುರದ ಜೋರಾಪುರ ಪೇಟೆಯಲ್ಲಿದ್ದೆ. ತಿಕೋಟಾಕ್ಕೆ ಹೋದಾಗಲೆಲ್ಲ ಅಪ್ಪನ ಮುಖದ ಬಗ್ಗೆ ಅವ್ವನದು ಒಂದೇ ಮಾತು.

"ಅವರ ಮಾರಿ ನೆನಪಿಗಿ ಬರವಲ್ದು ಯವ್ವಾ. ಮೀಸಿ ನೆನಪಾಗ್ತೈತಿ, ರುಮಾಲ ನೆನಪಾಗ್ತೈತಿ. ಮಾರಿ ಬರವಲ್ದು ನೋಡು."

ಸಿನಿಮಾ ವಿಜಾಪುರಕ್ಕೆ ಬಂದದ್ದೇ ಗಂಡನನ್ನು ಎಬ್ಬಿಸಿಕೊಂಡು ಓಡಿದೆ. ಎಂಥ ಸಿನಿಮಾ ಅಂತೀರಿ. ಗಾಳಿಗೆ ಆರಿದ ದೀಪ ಮರುಕ್ಷಣ ತಾನೇ ಉರಿಯುತ್ತಿತ್ತು. ರಾಣಿಯ ದೆವ್ವ ಬಾಗಿಲಿಗೆ ಬಂದಾಗ ನತ್ತು ಎಡಕ್ಕೆ, ಒಳಗೆ ಬಂದಾಗ ಬಲಕ್ಕೆ. ಅರಮನೆಯ ಕಿಟಕಿ ತೆಗೆದರೆ ಹೊರಗೆ ಮಂಜು ಕವಿದ ದೇವದಾರು ಕಾಡು. ನಮ್ಮೂರಲ್ಲಿ ನೆರಳಿಗೊಂದು ಬೇವಿನ ಮರ ಹುಡುಕಿಕೊಂಡು ಹೋಗಬೇಕು. ಹುಡುಗಿ ಹೆದರಿ ಬಾರಾಕಮಾನಿನೊಳಗೆ ಓಡಿ, ಊರಿನ ಇನ್ನೊಂದು ತುದಿಯ ಇಬ್ರಾಹಿಂ ರೋಜಾದಿಂದ ಹೊರಬಿದ್ದಳು.

"ನಡುವ ಬಸ್ ಹತ್ತಿದ್ಲೇನಪಾ," ಎಂದು ಯಾರೋ ಕೂಗಿದರು.

ಆದರೆ ಎಲ್ಲಕ್ಕಿಂತ ದೊಡ್ಡ ನಗು ಎದ್ದದ್ದು ಟಾಂಗಾ ಬಂದಾಗ. ಮೊದಲು ಕತ್ತಲಲ್ಲಿ ಹೆಂಗಸೊಬ್ಬಳ ಚೀರಾಟ. ಅದರ ಬೆನ್ನಿಗೇ ಪರದೆಯ ತುಂಬ ನನ್ನ ಅಪ್ಪ. ಲಗಾಮು ಹಿಡಿದು, ಧೂಳಿಗೆ ಕಣ್ಣು ಕಿರಿದು ಮಾಡಿ, ಸೀದಾ ನನ್ನನ್ನೇ ನೋಡುತ್ತ ಬಂದ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಮುಂದಿನ ಕ್ಷಣ ಟಾಂಗಾ ಅರಮನೆಯ ಮುಂದೆ ನಿಂತಿತ್ತು, ಅದೇ ಕೋಟಿನಲ್ಲಿ ಮೀಸೆಯಿಲ್ಲದ ಇನ್ನೊಬ್ಬ ಕೂತಿದ್ದ.

"ಕಾಕಾ ಹಾದ್ಯಾಗ ಇಳದು ಮೀಸಿ ಬೋಳಿಸ್ಕೊಂಡ ಬಂದಾನ," ಎಂದ ಹಿಂದಿನವನು. ಜನ ಸೀಟಿ ಹೊಡೆದರು. ನನ್ನ ಮೈಯೆಲ್ಲ ಉರಿದುಹೋಯಿತು.

ಮರುದಿನವೇ ತಿಕೋಟಾಕ್ಕೆ ಹೋಗಿ ಅವ್ವನನ್ನು ಕರೆದೆ. ಮಾವ ಅಡ್ಡ ನಿಂತ.

"ಸತ್ತವರನ್ನ ನೋಡಾಕ ದೆವ್ವಿನ ಸಿನಿಮಾಕ್ಕ ಹೋಗೂದೇನು? ಅದೂ ವರ್ಷ ತುಂಬಿಲ್ಲ. ಮಂದಿ ಏನಂದಾರು?"

"ಮಂದಿ ಬಂದು ನಮ್ಮಪ್ಪನ ಮಾರಿ ತೋರಸ್ತಾರೇನ ಮಾವಾ?" ಎಂದೆ.

ಮಾವ ಕರಗುವಷ್ಟರಲ್ಲಿ ಸಿನಿಮಾ ಊರು ಬಿಟ್ಟಿತ್ತು. ಆಮೇಲೆ ನನಗೆ ನಿಂತಲ್ಲಿ ನೆಲೆಯಿಲ್ಲ. ಯಾವ ಊರಲ್ಲಿ ಸಿನಿಮಾ ಡೇರೆ ಹಾಕಿದ್ದಾರೆ, ಯಾವ ಆಟ ನಡೆದಿದೆ ಎಂದು ಬಸ್ಸಿಳಿದವರನ್ನೆಲ್ಲ ಕೇಳಿದೆ. ಹಂಚಿನ ಮೇಲೆ ರೊಟ್ಟಿ ಸೀದವು. ಅತ್ತೆ ಗೊಣಗಿದಳು. ಗಂಡ, "ಒಂದ ಕಡೆ ಕೂಡ್ತಿಯೋ ಇಲ್ಲೋ, ನಿನ್ನ ನೋಡಿ ನನಗ ತಲಿ ತಿರಗಾಕತ್ತೈತಿ," ಎಂದ. ಕೊನೆಗೊಂದು ದಿನ ಅವನೇ ಸುದ್ದಿ ತಂದ. ಸಿನಿಮಾ ಬಬಲೇಶ್ವರದ ಡೇರೆಯಲ್ಲಿತ್ತು, ಅಲ್ಲಿಂದ ತಿಕೋಟಾಕ್ಕೆ ಬರುವುದಿತ್ತು. ಡೇರೆ ಬರುವ ಮೊದಲೇ ನಾನು ತಿಕೋಟಾಕ್ಕೆ ಹೋಗಿ ಕೂತೆ.

ಅವ್ವ ಹುಟ್ಟಿದಾಗಿನಿಂದ ಸಿನಿಮಾ ನೋಡಿದವಳಲ್ಲ. ಜಳಕ ಮಾಡಿ, ಗುಡಿಗೆ ಹೋಗುವವಳ ಹಾಗೆ ಮಡಿಸಿಟ್ಟ ಸೀರೆ ಉಟ್ಟು ಬಂದಳು. ಹೆಂಗಸರ ಕಡೆ ಎಲ್ಲರಿಗಿಂತ ಮುಂದೆ, ನೆಲದ ಮೇಲೆ ಕೂತೆವು.

"ಮದಲ ಒಬ್ಬಾಕಿ ಚೀರ್ತಾಳ, ಆಮ್ಯಾಲೆ ಟಾಂಗಾ ಬರ್ತೈತಿ. ಲಕ್ಷ್ಯ ಇಡು ಬೇ," ಎಂದೆ.

ದೀಪ ಆರಿತು. ಚೀರಾಟ ಕೇಳಿತು. ಅವ್ವ ಬೆದರಿ ಸೆರಗು ಮುಖಕ್ಕೆ ಒತ್ತಿಕೊಂಡು ನನ್ನ ರಟ್ಟೆ ಹಿಡಿದಳು. ನಾನು ಅವಳ ಕೈ ಎಳೆಯುತ್ತ ಪರದೆ ನೋಡಿದೆ. ಟಾಂಗಾ ಓಡಿ ಬರಲಿಲ್ಲ. ಚೀರಾಟ ಮುಗಿದದ್ದೇ ಅದು ಅರಮನೆಯ ಮುಂದೆ ನಿಂತಿತ್ತು. ಅಪ್ಪ ಇರಲಿಲ್ಲ. ಯಾರೂ ನಗಲಿಲ್ಲ. ನಗುವಂಥ ತಪ್ಪೇ ಅಲ್ಲಿ ಉಳಿದಿರಲಿಲ್ಲ.

"ಕೋಟು ನಮ್ದು," ಎಂದಳು ಅವ್ವ, ಸೆರಗು ಸರಿಸಿ. "ಮನಷ್ಯಾ ಬ್ಯಾರೆ ಅದಾನ."

ಮಧ್ಯಂತರ ಬಿಟ್ಟ ಕೂಡಲೇ ಮಷಿನ್ ನಡೆಸುವವನ ಹತ್ತಿರ ಹೋಗಿ ಆ ಟಾಂಗಾ ಎಲ್ಲಿ ಎಂದು ಕೇಳಿದೆ.

"ಬಬಲೇಶ್ವರದಾಗ ಆ ರೀಲ್ ಹರೀತ್ರಿ ಅಕ್ಕಾರ," ಎಂದ. "ಕೆಟ್ಟ ತುಂಡು ತಗದು ಜೋಡಿಸೇನಿ. ಕತಿಗೇನು ಧಕ್ಕಿ ಇಲ್ರಿ. ಚಲೋನ ಆತು, ಮದಲ ಅಲ್ಲೆ ಮಂದಿ ನಗತಿದ್ರು."

"ಆ ತುಂಡು?"

"ಒಗದೇನ್ರಿ. ಹುಡುಗೂರು ಆರಿಸ್ಕೊಂಡ ಹೋಗಿರಬೇಕು."

ಅವನ ತಲೆ ಒಡೆಯಬೇಕೆನಿಸಿತು. ಪಾಪ, ಅವನಿಗೇನು ಗೊತ್ತು. ಬಂದು ಅವ್ವನ ಪಕ್ಕ ಕೂತೆ, ರೀಲ್ ಹರಿದದ್ದನ್ನು ಹೇಳಲಿಲ್ಲ. ಅವಳು ಉಳಿದ ಸಿನಿಮಾವನ್ನೆಲ್ಲ ಮುಂದಕ್ಕೆ ಬಗ್ಗಿಯೇ ನೋಡಿದಳು. ಆಟ ಮುಗಿಯಿತು, ಜನ ಚಾಪೆ ಕೊಡವಿಕೊಂಡು ಎದ್ದರು. ಅವ್ವ ಏಳಲಿಲ್ಲ.

"ಆಕಿ ಚೀರಿದಾಗ ನಾ ಸೆರಗು ಮುಚ್ಕೊಂಡ್ನೆಲ್ಲ," ಎಂದಳು. "ಆವಾಗ ಬಂದು ಹೋದ್ರೇನು?"

ನಾನು ಅವಳ ಸೆರಗಿನ ಧೂಳು ಕೊಡವಿದೆ.

"ಹೋಗ್ಲಿ ಬಿಡು, ನಾಳಿಗಿ ಮತ್ತ ಬರೂಣು. ನಾಳಿಗಿ ನಾ ಹೆದರಂಗಿಲ್ಲ."

ನಾನು ಹೂಂ ಅಂದೆ.