ಎರಡನೇ ಹಾಳೆಯ ತಲೆಸಾಲು

ಗೆರೆ ಅಕ್ಕ ಎಂದು ಅವಳಿಗೆ ಹೆಸರಿಟ್ಟವರು ಬಸ್ ಡಿಪೋದ ಡ್ರೈವರುಗಳು. ವಾರವಾರದ ಡ್ಯೂಟಿ ಚಾರ್ಟನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಅಂಗಳದ ಗಾಜಿನ ಬೋರ್ಡಿನೊಳಗೆ ಹಾಕಿ ಬೀಗ ಜಡಿಯುವುದು ಅವಳ ಕೆಲಸ. ಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ಅವಳಿಗೆ ಊಟ ಸೇರದು. ಮನೆಯಲ್ಲೂ ಅದೇ ಪಾಡು. ಅಡುಗೆಮನೆಯ ಡಬ್ಬಗಳೆಲ್ಲ ಒಂದೇ ಕಡೆ ಮುಖ ಮಾಡಿರಬೇಕು, ಸಕ್ಕರೆಯ ಮುಚ್ಚಳ ಉಪ್ಪಿನ ಡಬ್ಬಕ್ಕೆ ಹೋಗಕೂಡದು. "ಇರುವೆ ಸಾಲೂ ಸೊಟ್ಟ ಅಂತ ತಿದ್ದೋಕೆ ಕೂರ್ತಾಳೆ ನಮ್ಮ ಸೊಸೆ" ಎಂದು ಅತ್ತೆ ಅಕ್ಕಪಕ್ಕದವರಿಗೆ ಹೇಳಿ ನಗುತ್ತಿದ್ದರು.

ಈ ಚಟ ಹತ್ತಿಸಿದ್ದು ಟೈಪಿಂಗ್ ಮೇಷ್ಟ್ರು. ಮೆಷಿನ್ನಿಗೆ ಹೊಸ ಹಾಳೆ ಏರಿಸಿದರೆ ಮೊದಲು ತಲೆಸಾಲು ಹೊಡೆಯಬೇಕು, ಅಂದರೆ ಯಾವ ಕಾಲಮ್ಮಿನಲ್ಲಿ ಏನಿದೆ ಎಂದು ಹೇಳುವ ಮೇಲಿನ ಸಾಲು. ಮರೆತರೆ ಬೆರಳ ಗೆಣ್ಣಿಗೆ ಅಡಿಕೋಲಿನ ಏಟು. ಕಂಪ್ಯೂಟರ್ ಬಂದ ಮೇಲೆ ಆ ಕಷ್ಟವೂ ಹೋಯಿತು. ತಲೆಸಾಲು ಪ್ರತಿ ಹಾಳೆಯಲ್ಲೂ ಬರಲಿ ಎಂದು ಒಂದು ಸಲ ಹೇಳಿಬಿಟ್ಟರೆ ಅದು ತಾನಾಗಿ ಬರುತ್ತದೆ.

ಆದರೆ ಹೇಳಲು ಬಿಡಬೇಕಲ್ಲ! ಡಿಪೋದಲ್ಲಿ ಇಬ್ಬರು ಮೇಲ್ವಿಚಾರಕರಿದ್ದರು, ಒಬ್ಬ ಊರೊಳಗಿನ ಬಸ್ಸುಗಳಿಗೆ, ಇನ್ನೊಬ್ಬ ಹೊರ ಊರಿನ ಬಸ್ಸುಗಳಿಗೆ. ಇಬ್ಬರೂ ತಂತಮ್ಮ ಟೇಬಲ್ ತಾವೇ ಮಾಡಿ ಕಳಿಸುತ್ತಿದ್ದರು, ಎಣ್ಣೆ ಸೀಗೆಕಾಯಿ ಸಂಬಂಧ ಬೇರೆ. ಊರೊಳಗಿನವನ ತಲೆಸಾಲು ಕಡುನೀಲಿ, ದಪ್ಪಕ್ಷರ. ಹೆಸರಿನ ಪಕ್ಕದ ಕಾಲಮ್ಮೇ ರಜೆಯದು. ಹೊರ ಊರಿನವನ ತಲೆಸಾಲಿಗೆ ಬಣ್ಣವಿಲ್ಲ, ದಪ್ಪವಿಲ್ಲ, ಉಳಿದ ಸಾಲುಗಳ ನಡುವೆ ಗುರುತೇ ಸಿಗದು. ಹೆಸರಿನ ಪಕ್ಕ ಬೆಳಗಿನ ಪಾಳಿ, ರಜೆ ಕಟ್ಟಕಡೆಗೆ. ಅವನ ಟೇಬಲ್ ಎರಡು ಹಾಳೆ ಹಿಡಿಯುತ್ತಿತ್ತು, ಎರಡನೆಯದಕ್ಕೆ ತಲೆಸಾಲೇ ಇಲ್ಲ.

ಅವಳು ಮ್ಯಾನೇಜರಿಗೆ ಹೇಳಿ ಹೇಳಿ ಸಾಕಾಗಿದ್ದಳು. "ನೋಡಮ್ಮ, ಅವರವರ ಟೇಬಲ್ ಅವರವರ ಮರ್ಯಾದೆ. ನೀವು ಜೋಡಿಸಿ ಅಂಟಿಸಿ, ಅಷ್ಟೇ. ಚಾರ್ಟಿಗೇನು ಸಿಂಗಾರ?" ಎಂದು ಅವರು ಕೈಬೀಸಿ ಕಳಿಸಿಬಿಡುತ್ತಿದ್ದರು. ಸಿಂಗಾರವಂತೆ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದುಕೊಂಡು ಅವಳು ಆ ಹಾಳೆಗಳನ್ನು ಮುಖ ತಿರುಗಿಸಿಕೊಂಡೇ ಬೋರ್ಡಿಗೆ ಹಾಕುತ್ತಿದ್ದಳು.

ಏಟು ತಿಂದವನು ಮೀಸೆ ಡ್ರೈವರ್. ಬಹಳ ಕಾಲ ಊರೊಳಗೇ ಬಸ್ಸು ಓಡಿಸಿದವನನ್ನು ಆಗಷ್ಟೇ ಹೊರ ಊರಿಗೆ ಹಾಕಿದ್ದರು. ಅವನ ಹೆಸರು ಬಿದ್ದದ್ದು ಎರಡನೇ ಹಾಳೆಯಲ್ಲಿ. ಹೆಸರಿನ ಪಕ್ಕದ ಚೌಕದಲ್ಲಿ ಟಿಕ್ ಕಂಡ. ಹಳೇ ಅಭ್ಯಾಸ, ರಜೆ ಎಂದುಕೊಂಡು ಮನೆಯಲ್ಲಿ ಹೊದ್ದು ಮಲಗಿದ. ಬೆಳಗಿನ ಬಸ್ಸು ಹೊರಡಲೇ ಇಲ್ಲ. ಜನ ಡಿಪೋ ಗೇಟಿಗೆ ಬಂದು ಕೂಗಾಡಿದರು, ಮೇಲಿನ ಆಫೀಸಿಗೆ ದೂರು ಹೋಯಿತು. ಮೀಸೆಯ ಕೈಗೆ ನೋಟಿಸ್ ಬಂತು, ವಿಚಾರಣೆಯಲ್ಲಿ ತಪ್ಪು ಅವನದೆಂದಾದರೆ ಕೆಲಸದಿಂದ ಮನೆಗೆ.

"ಚಾರ್ಟು ಗೊತ್ತಾಗಲಿಲ್ವಂತೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಮ್ಯಾನೇಜರು. ಆಮೇಲೆ ಗೆರೆ ಅಕ್ಕನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು. "ಅಮ್ಮಾ, ನೀವು ಮೊದಲಿಂದ ಹೇಳ್ತಿದ್ರಲ್ಲ, ಆ ತಲೆಸಾಲುಗಳು. ಎಲ್ಲಾನೂ ಒಂದೇ ಥರ ಮಾಡಿಬಿಡಿ. ಎರಡನೇ ಹಾಳೇಲೂ ಬರಲಿ. ತಾರೀಖು ಮಾತ್ರ ಹಳೇದೇ ಇರಲಿ. ವಿಚಾರಣೆಯವರು ಬರೋದ್ರೊಳಗೆ ಹಳೇದು ತೆಗೆದು ಇದನ್ನ ಬೋರ್ಡಿಗೆ ಹಾಕಿ."

ಹಗಲೂ ಇರುಳೂ ಮಾಡಬೇಕೆಂದು ಅವಳ ಕೈ ತುರಿಸುತ್ತಿದ್ದ ಕೆಲಸ ಅದು. ಈಗ ತಟ್ಟೆಯಲ್ಲಿಟ್ಟು ಮುಂದೆ ಚಾಚಿದ್ದಾರೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಮಾಡಲ್ಲ ಸರ್."

"ಏನಂದ್ರಿ?"

"ಒಂದು ಸಾಲೂ ಮುಟ್ಟಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ನನ್ನ ಕೈಯಲ್ಲಿ ಆಗಲ್ಲ. ಆ ಬೋರ್ಡಿನ ಬೀಗದ ಕೈ ನನ್ನ ಹತ್ರಾನೇ ಇದೆ. ಹಾಳೆ ಅಲ್ಲೇ ಇರತ್ತೆ."

"ಟಯರ್ ಗೋದಾಮು ನೋಡಿದ್ದೀರಾ? ಅಲ್ಲಿ ಫ್ಯಾನೂ ಇಲ್ಲ."

"ನೋಡಿದ್ದೀನಿ ಸರ್. ಅಲ್ಲಿ ಟಯರುಗಳನ್ನ ಜೋಡಿಸಿರೋದೂ ಸರಿಯಿಲ್ಲ."

ಮ್ಯಾನೇಜರು ತಾವೇ ತಿದ್ದಲು ಕೂತರು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಉದ್ದವಾಯಿತು. ಕೊನೆಗೆ ರಜೆಯ ಕಾಲಂ ಹಾಳೆ ಬಿಟ್ಟೇ ಆಚೆ ನಡೆಯಿತು. ಅವರ ಕೋಣೆಯಿಂದ ಬರುತ್ತಿದ್ದ ಬೈಗುಳವನ್ನು ಗೆರೆ ಅಕ್ಕ ನೆಮ್ಮದಿಯಾಗಿ ಕೇಳಿಸಿಕೊಂಡಳು.

ಸಂಜೆ ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದಳು. ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾದೀತು. ಅತ್ತೆ ಬೀನ್ಸ್ ಸೋಸುತ್ತಾ ಕೇಳಿದರು.

"ಕೋಟೆ ಸೂರೆ ಹೋದ ಮೇಲೆ ಬಾಗಿಲು ಹಾಕೋಕೆ ಬಂದನೇನು ನಿಮ್ಮ ಮ್ಯಾನೇಜರು? ಗೋದಾಮಾದ್ರೆ ಗೋದಾಮು ಬಿಡೇ. ಹಳೇ ಸೀರೆ ಉಟ್ಕೊಂಡು ಹೋಗು, ಮಸಿ ಹತ್ತತ್ತೆ."

ಮೇಲಿನ ಆಫೀಸಿನಿಂದ ಬಂದ ಅಧಿಕಾರಿಣಿ ಬೋರ್ಡಿನ ಮುಂದೆ ನಿಂತರು. ಗೆರೆ ಅಕ್ಕ ಬೀಗ ತೆಗೆದು ಪಕ್ಕಕ್ಕೆ ಸರಿದಳು. ಅವರ ಬೆರಳು ಎರಡನೇ ಹಾಳೆಯಲ್ಲಿ ಮೀಸೆಯ ಹೆಸರಿನ ತನಕ ಬಂತು, ಪಕ್ಕದ ಟಿಕ್ಕಿಗೆ ಬಂತು, ಮೇಲಕ್ಕೇರಿತು. ಮೇಲೆ ಏನೂ ಇಲ್ಲ. ಮೊದಲ ಹಾಳೆಗೆ ಹೋಗಿ ನೋಡಿ ಮತ್ತೆ ಬಂದರು.

"ಇದು ಯಾವಾಗಿನಿಂದ ಹೀಗಿದೆ?"

"ಯಾವಾಗಲೂ ಹೀಗೇ ಮೇಡಂ" ಎಂದಳು ಗೆರೆ ಅಕ್ಕ, ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದರೂ. "ಬದಲಾಯಿಸಿ ಅಂತ ಕೇಳಿದ್ದೆ. ಬೇಡ ಅಂದ್ರು."

ಮೀಸೆಯ ನೋಟಿಸ್ ರದ್ದಾಯಿತು. ಅವನು ಬಂದು "ಅಕ್ಕಾ" ಎಂದು ಮೀಸೆ ಒರೆಸಿಕೊಂಡು ಹೋದ. ಅದೇ ವಾರ ಗೆರೆ ಅಕ್ಕನಿಗೂ ಕಾಗದ ಬಂತು: ಸೋಮವಾರದಿಂದ ಟಯರ್ ಗೋದಾಮು.

ಶನಿವಾರ ಅವಳು ಮುಂದಿನ ವಾರದ ಚಾರ್ಟು ತೆರೆದಳು. ಯಾರನ್ನೂ ಕೇಳಲಿಲ್ಲ. ಎರಡು ಟೇಬಲ್ಲುಗಳ ಕಾಲಮ್ಮುಗಳನ್ನೂ ಒಂದೇ ವರಸೆಗೆ ತಂದಳು, ತಲೆಸಾಲುಗಳಿಗೆ ಒಂದೇ ಅಕ್ಷರ, ಒಂದೇ ಬೂದು ಬಣ್ಣ ಕೊಟ್ಟಳು, ಪ್ರತಿ ಹಾಳೆಯಲ್ಲೂ ಬರುವಂತೆ ಮಾಡಿದಳು. ಕಡುನೀಲಿಯ ಮರ್ಯಾದೆ ಹೋಯಿತು, ಹೋಗಲಿ.

ಮ್ಯಾನೇಜರು ಹಿಂದೆ ಬಂದು ನಿಂತರು. "ಮಾಡಿ ಅಂದಾಗ ಮಾಡಲಿಲ್ಲ. ಈಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಸರ್. ಅದಕ್ಕೇ ಮಾಡ್ತಿದ್ದೀನಿ."

ಹಾಳೆಗಳನ್ನು ಬೋರ್ಡಿಗೆ ಹಾಕಿ ಬೀಗ ಜಡಿದಳು. ಬೀಗದ ಕೈಯನ್ನು ಅವರ ಮೇಜಿನ ಮೇಲೆ, ಅಂಚಿಗೆ ನೇರವಾಗಿ ಇಟ್ಟು, ಟಯರ್ ಗೋದಾಮನ್ನು ಒಮ್ಮೆ ನೋಡಿಬರಲು ಹೊರಟಳು.