ಮಾತಿಲ್ಲದ ಲೆಕ್ಕದ ಟೀಚರ್

ಲೆಕ್ಕದ ಟೀಚರಿಗೆ ಮಕ್ಕಳಿಟ್ಟ ಹೆಸರು 'ಗಂಟೆ'. ಇಪ್ಪತ್ತೆರಡು ವರ್ಷ ಅವರು ಬಾಯಿ ತೆರೆದರೆ ಅಕ್ಕಪಕ್ಕದ ಎರಡು ತರಗತಿಗಳಿಗೂ ಪುಕ್ಕಟೆ ಪಾಠ. ಕೊನೆಗೆ ಗಂಟಲು ಮುಷ್ಕರ ಹೂಡಿತು. ಆಪರೇಷನ್ ಆಗಬೇಕು, ಆಮೇಲೆ ಮೂರು ತಿಂಗಳು ತುಟಿ ಪಿಟಕ್ಕೆನ್ನಬಾರದು ಎಂದರು ಡಾಕ್ಟರು.

"ಅಷ್ಟು ದಿನ ಆಫೀಸಲ್ಲಿ ಕೂತ್ಕೊಳ್ಳಿ, ಕ್ಲಾಸ್ ಬೇರೆಯವರು ನೋಡ್ಕೋತಾರೆ," ಎಂದರು ಹೆಡ್‌ಮಿಸ್. ತರಗತಿಯ ಮಕ್ಕಳಿಲ್ಲದೆ ಟೀಚರು ದಿನ ದೂಡುವುದು ಹೇಗೆ?

"ಪಾಠಾನೆಲ್ಲ ಮೊದಲೇ ವಿಡಿಯೋ ಮಾಡಿಟ್ಕೋತೀನಿ. ಒಂದೇ ಒಂದು ಅವಕಾಶ ಕೊಡಿ ಮೇಡಂ," ಎಂದು ಅಂಗಲಾಚಿದರು. "ಆಗ್ಲಿ, ಮೊದಲ ಕ್ಲಾಸ್ ನೋಡಿ ತೀರ್ಮಾನ ಹೇಳ್ತೀನಿ," ಎಂದರು ಹೆಡ್‌ಮಿಸ್.

ಗಂಡ ಬಡಗಿ. ಮೊಬೈಲಿಗೆ ಮರದ ಸ್ಟ್ಯಾಂಡ್ ಮಾಡಿ, ಅಡುಗೆಮನೆಯ ಬಾಗಿಲಿಗೆ ಕಪ್ಪು ಬಣ್ಣ ಬಳಿದು ಬೋರ್ಡ್ ಮಾಡಿಕೊಟ್ಟರು. ಟೀಚರ್ ಪ್ರಶ್ನೆ ಕೇಳಿ, ಮೊಬೈಲನ್ನೇ ಗುರಾಯಿಸುತ್ತ ಸುಮ್ಮನೆ ನಿಂತರು.

"ಯಾಕೆ ನಿಲ್ಲಿಸ್ದೆ?"

"ಮಕ್ಕಳು ಉತ್ತರ ಹೇಳ್ಬೇಡ್ವೇನ್ರೀ?"

"ಇಲ್ಲಿ ಹೇಳೋಕೆ ಯಾರಿದಾರೆ, ಕುಕ್ಕರ್ರಾ?"

ಗಂಡ ಎಷ್ಟು ನಕ್ಕರೂ ಆ ಚಾಳಿ ಹೋಗಲಿಲ್ಲ. ವಿಡಿಯೋ ಕತ್ತರಿಸಲು ಇಬ್ಬರಿಗೂ ಬರುತ್ತಿರಲಿಲ್ಲ.

ಆಪರೇಷನ್ ಮುಗಿದು ಮೊದಲ ತರಗತಿ. ತೀರ್ಮಾನ ಹೇಳಲೆಂದೇ ಹೆಡ್‌ಮಿಸ್ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಪರದೆಯ ಟೀಚರ್, "ಅರ್ಧಕ್ಕೆ ಕಾಲು ಸೇರಿಸಿದ್ರೆ ಎಷ್ಟು?" ಎಂದು ಕೇಳಿ ನಿಂತುಬಿಟ್ಟರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಡೆಗೊರಗಿದ್ದ ನಿಜವಾದ ಟೀಚರ್ ಹೆಡ್‌ಮಿಸ್ಸಿನತ್ತ ಓರೆಗಣ್ಣು ಹಾಯಿಸಿದರು.

"ಮುಕ್ಕಾಲು," ಎಂದಿತು ಯಾವುದೋ ಸಣ್ಣ ದನಿ.

"ಜೋರಾಗಿ!" ಎಂದರು ಪರದೆಯ ಟೀಚರ್.

"ಮುಕ್ಕಾಲು!" ಎಂದು ಇಡೀ ತರಗತಿ ಕಿರುಚಿತು.

"ಭೇಷ್! ಅರ್ಧದಲ್ಲಿ ಅರ್ಧ ಎಷ್ಟು?"

"ಸೊನ್ನೆ!"

"ಭೇಷ್!"

ನಿಜವಾದ ಟೀಚರ್ ಎದ್ದೆನೋ ಬಿದ್ದೆನೋ ಎಂದು ಓಡಿಬಂದು ವಿಡಿಯೋ ನಿಲ್ಲಿಸಿದರು. ಅಲ್ಲವೆಂದು ಜೋರಾಗಿ ತಲೆಯಾಡಿಸಿ, ಬೋರ್ಡಿನ ಮೇಲೆ ಒಂದು ರೊಟ್ಟಿಯಷ್ಟು ವೃತ್ತ ಬರೆದು, ಅರ್ಧ ಮಾಡಿ, ಆ ಅರ್ಧವನ್ನು ಮತ್ತೆ ಸೀಳಿ ತೋರಿಸಿದರು. "ಓ, ಕಾಲು!" ಎಂದು ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಹೆಡ್‌ಮಿಸ್ಸೂ ನಗು ತಡೆಯಲಾರದೆ ಎದ್ದರು. "ವಿಡಿಯೋ ಒಂದನ್ನೇ ನಂಬಿದ್ರೆ ಕೆಟ್ಟೆವು. ನೀವು ಇಲ್ಲೇ ಇರಿ ಟೀಚರ್."

ಟೀಚರ ಕಣ್ಣು ತುಂಬಿತು. ಬಾಗಿಲಿಗೆ ಬಣ್ಣ ಬಳಿದ ಗಂಡನಿಗೆ, ಕೂಗಿ ಕಾಪಾಡಿದ ಈ ಮಕ್ಕಳಿಗೆ ಎಷ್ಟು ಋಣಿಯೆಂದು ಹೇಳಲು ದನಿಯಿರಲಿಲ್ಲ. ಬೋರ್ಡಿನತ್ತ ತಿರುಗಿ ಲೆಕ್ಕದ ಕೆಳಗೆ ಬರೆದರು: ನಿಮ್ಮಿಂದ ನನಗೆ ತುಂಬಾ ಉಪಕಾರವಾಯಿತು.

ನಲವತ್ತು ಮಕ್ಕಳೂ ತಲೆ ಬಗ್ಗಿಸಿ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಉತ್ತರಕ್ಕೆ ಎಳೆಯುವಂತೆ ಕೆಳಗೆ ಎರಡು ಗೆರೆ ಎಳೆದರು.